ಹಿಮದಡಿಯ ಹಲಸಿನಕಾಯಿ

ಬೇರೆಯವರ ಮನೆಯಲ್ಲಿ ಟಿವಿ ಹಾಕಿದರೆ ಟಿವಿ ನಡೆಯುತ್ತೆ. ನಮ್ಮ ಮನೆಯಲ್ಲಿ ಟಿವಿ ಹಾಕಿದರೆ ಏನಾದರೊಂದು ಎಡವಟ್ಟು ನಡೆಯುತ್ತೆ. ಯಾಕೆ ಅಂತ ಕೇಳಬೇಡಿ, ನಂಗೂ ಗೊತ್ತಿಲ್ಲ. ಅದರಲ್ಲೂ ಹೋದ ಚಳಿಗಾಲ ಅತ್ತೆ ಬಂದಿದ್ದಾಗ ನಡೆದಿದ್ದನ್ನೆಲ್ಲ ನೆನೆಸಿಕೊಂಡರೆ ಮೊದಲು ನಗು ಬರುತ್ತೆ, ಆಮೇಲೆ ಅತ್ತೆಗೊಂದು ಫೋನ್ ಮಾಡೋಣ ಅನ್ನಿಸುತ್ತೆ.

ನಾವಿರೋದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ನಾನು ಮೈಸೂರಿನವನು, ಹೆಂಡತಿ ಉಡುಪಿಯವಳು. ಇನ್ನೂ ಕಿಂಡರ್‌ಗಾರ್ಟನ್‌ಗೆ ಹೋಗುವ ಒಬ್ಬಳೇ ಮಗಳು ಮಾತ್ರ ಅಪ್ಪಟ ಇಲ್ಲಿಯವಳು. ಕನ್ನಡ ಅರ್ಥ ಆಗಲ್ಲ ಅಂತಲ್ಲ. "ಬಾ, ಊಟ ಮಾಡು" ಅಂದರೆ ಬರುತ್ತಾಳೆ, "ಚಾಕ್ಲೇಟ್ ಇಲ್ಲ" ಅಂದರೆ ಅಳುತ್ತಾಳೆ. ಆದರೆ ಉತ್ತರ ಕೊಡೋದು ಜರ್ಮನ್‌ನಲ್ಲಿ, ಅಳೋದೂ ಜರ್ಮನ್‌ನಲ್ಲಿ.

ಅವಳಿಗೆ ಒಂದು ಕಾರ್ಟೂನ್ ಸೀರಿಯಲ್ಲಿನ ಹುಚ್ಚು. ಉತ್ತರ ಧ್ರುವದ ಹತ್ತಿರ, ಹಿಮದ ನಾಡಿನಲ್ಲಿರುವ ಇನುಯಿಟ್ ಜನರ ಕಥೆ. ಒಬ್ಬ ಪುಟ್ಟ ಹುಡುಗಿ, ಅವಳ ಅಜ್ಜಿ, ಒಬ್ಬ ಮಾವ, ಒಂದು ನಾಯಿ, ಅದು ಹಿಮದ ಮೇಲೆ ಎಳೆಯುವ ಸ್ಲೆಡ್ಜು ಬಂಡಿ. ದಿನಾ ಸಂಜೆ ಊಟಕ್ಕೆ ಮುಂಚೆ ಬರುತ್ತೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವಳು ಏಳುವವಳಲ್ಲ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಬರುವ ಮೊದಲೇ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಈ ಮಂಡಿ ಇಟ್ಕೊಂಡು ನಾನು ವಿಮಾನ ಹತ್ತುದು ಇದೊಂದೇ ಸಲ. ನಂಗೆ ನಿಮ್ಮ ಊರು ನೋಡ್ಲಿಕ್ಕಿಲ್ಲ, ಕೋಟೆ ಕೊತ್ತಲ ನೋಡ್ಲಿಕ್ಕಿಲ್ಲ. ಮಗು ನನ್ನ ಹತ್ರ ಬಾಯಿ ತುಂಬ ಕನ್ನಡದಲ್ಲಿ ಮಾತಾಡ್ಬೇಕು. ಅಷ್ಟಾದ್ರೆ ಸಾಕು." ವೀಸಾ ಮೂರು ತಿಂಗಳದ್ದು. ಮೂರು ತಿಂಗಳು ಧಾರಾಳ ಆಯ್ತು ಅಂತ ನಾವು ಅಂದುಕೊಂಡೆವು. ನಮ್ಮ ಬುದ್ಧಿಗಿಷ್ಟು!

೧. ಸ್ನಾನ ಯಾವಾಗ?

ಬಂದ ದಿನ ಸಂಜೆ ಅತ್ತೆ ಮೊಮ್ಮಗಳ ಪಕ್ಕ ಸೋಫಾದ ಮೇಲೆ ಕೂತರು. ಟಿವಿಯಲ್ಲಿ ಬಿಳಿ ಬಯಲು, ಗಾಳಿ, ತುಪ್ಪಳದ ಕೋಟು ಹಾಕಿಕೊಂಡ ಹುಡುಗಿ.

"ಇದು ಎಂತ ಪುಟ್ಟಾ?" ಅಂತ ಅತ್ತೆ ಕೇಳಿದರು.

"ಶೌ ಡೋಖ್, ಓಮಾ!" ಅಂದಳು ಮಗಳು, ಟಿವಿಯಿಂದ ಕಣ್ಣು ಕೀಳದೆ.

ಅತ್ತೆ ನನ್ನ ಮುಖ ನೋಡಿದರು. "ನೋಡಿ ಅಂತಿದ್ದಾಳೆ ಅತ್ತೆ. ಓಮಾ ಅಂದ್ರೆ ಅಜ್ಜಿ," ಅಂತ ನಾನು ಅರ್ಥ ಹೇಳಿದೆ. ಅತ್ತೆಯ ಮುಖ ಅರಳಿತು. ಅಷ್ಟರಲ್ಲಿ ಟಿವಿಯ ಹುಡುಗಿಯೂ ಅವಳ ಅಜ್ಜಿಯನ್ನು "ಓಮಾ, ಓಮಾ" ಅಂತ ಕೂಗಬೇಕಾ? ಅತ್ತೆ ಸಪ್ಪಗಾದರು. "ಹೋ, ಈಗ ಹೇಳಿದ್ದು ಆ ಅಜ್ಜಿಗಾ? ನಾನು ನಂಗೇ ಹೇಳಿದ್ದು ಅಂತ ಗ್ರಹಿಸಿದೆ."

"ನಿಮಗೇ ಹೇಳಿದ್ದು ಅತ್ತೆ," ಅಂದೆ. ಅತ್ತೆ ಮಾತ್ರ ಬಲು ಗಂಭೀರವಾಗಿ ಆ ಹುಡುಗಿಯನ್ನೇ ನೋಡುತ್ತಾ ಕೂತರು. ಎಪಿಸೋಡ್ ಮುಗಿದ ಮೇಲೆ ಹೆಂಡತಿಯನ್ನು ಕರೆದು ಕೇಳಿದರು, "ಅಲ್ಲ ಮಾರಾಯ್ತಿ, ಆ ಮಗುವಿಗೆ ಎಣ್ಣೆ ಸ್ನಾನ ಮಾಡಿಸುದು ಯಾವಾಗ? ಆ ಬಟ್ಟೆ ಎಲ್ಲ ಬಿಚ್ಚಿ ಮುಗಿಸುವಾಗ ದೀಪಾವಳಿ ಕಳೆದು ಯುಗಾದಿ ಬರ್ತದೆ!"

೨. ನಾಯಿಗೂ ಮೀಟಿಂಗು

ಒಂದು ವಾರ ಕಳೆದರೂ ಮಗಳ ಬಾಯಿಂದ ಒಂದು ಕನ್ನಡ ಪದ ಉದುರಲಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳೋದು, ಮೊಮ್ಮಗಳು ಜರ್ಮನ್‌ನಲ್ಲಿ ಹೇಳೋದು. ಅತ್ತೆ "ಹಾಂ, ಹಾಂ" ಅಂತ ತಲೆಯಾಡಿಸೋದು. ಆಮೇಲೆ ಅಡುಗೆಮನೆಗೆ ಬಂದು, "ಈಗ ಅದು ಎಂತ ಹೇಳಿದ್ದು?" ಅಂತ ನನ್ನ ಹೆಂಡತಿಯನ್ನು ಪಿಸುಮಾತಿನಲ್ಲಿ ಕೇಳೋದು. ನೋಡೋಕಾಗ್ತಿರಲಿಲ್ಲ ಕಣ್ರೀ.

ಕೊನೆಗೆ ನನಗೊಂದು ಐಡಿಯಾ ಹೊಳೀತು. ಟಿವಿ ಸೌಂಡ್ ಮ್ಯೂಟ್ ಮಾಡಿ ಕಾರ್ಟೂನನ್ನು ನಾನೇ ಕನ್ನಡದಲ್ಲಿ ಡಬ್ ಮಾಡಿದರೆ? ಕಾಲೇಜಿನಲ್ಲಿ ನಾಟಕ ಮಾಡಿದವನು ನಾನು. ಪರದೆ ಎಳೆಯುವ ಪಾರ್ಟು, ಇರಲಿ ಬಿಡಿ.

ಶುರು ಮಾಡಿದೆ. ಹುಡುಗಿಯ ದನಿಯಲ್ಲಿ, "ಮಾವ, ಸ್ಲೆಡ್ಜಲ್ಲಿ ಏನೋ ಪ್ರಾಬ್ಲಂ ಇದೆ, ಒಂದ್ಸಲ ಚೆಕ್ ಮಾಡ್ತೀಯಾ?" ಮಾವನ ದನಿಯಲ್ಲಿ, "ಆಯ್ತು, ಫಸ್ಟು ರೂಟ್ ಕಾಸ್ ಏನು ಅಂತ ನೋಡೋಣ." ಅಷ್ಟರಲ್ಲಿ ನಾಯಿ ಬಾಯಿ ತೆಗೀತು. ಅದಕ್ಕೂ ಒಂದು ಮಾತು ಬೇಕಲ್ಲ? "ಇದನ್ನ ನಾಳೆ ಡಿಸ್ಕಸ್ ಮಾಡಿದ್ರೆ ಆಗಲ್ವಾ?" ಅಂತ ಹೇಳಿಸಿಬಿಟ್ಟೆ.

ಮಗಳು ತಿರುಗಿ ನೋಡಿ, ಅಪ್ಪಾ ದಯವಿಟ್ಟು ಬಾಯಿ ಮುಚ್ಚು ಅಂತ ಜರ್ಮನ್‌ನಲ್ಲಿ ಮರ್ಯಾದೆಯಾಗಿ ಕೇಳಿಕೊಂಡಳು. ಹೆಂಡತಿ ಒಳಗಿಂದ, "ರೀ, ಪಾಪ ಆ ನಾಯೀನಾದ್ರೂ ನಿಮ್ಮ ಮೀಟಿಂಗಿಂದ ಬಿಟ್ಟುಬಿಡಿ!" ಅಂತ ಕೂಗಿದಳು. ಅತ್ತೆ ಮಾತ್ರ ನನ್ನ ಕಷ್ಟ ನೋಡಲಾರದೆ ಮೆಲ್ಲಗೆ ಕೇಳಿದರು, "ಚೆಂದ ಮಾಡ್ತೀರಿ. ಕನ್ನಡದ್ದು ಯಾವಾಗ ಶುರು?"

೩. ಮಾವ ಕಾದು ಕೂತದ್ದು

ಮಾರನೇ ದಿನ ಅತ್ತೆಯೇ ಅಖಾಡಕ್ಕಿಳಿದರು. ಮ್ಯೂಟು ಗೀಟು ಏನಿಲ್ಲ, ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಟಿವಿಯ ಸದ್ದಿನ ಮೇಲೆಯೇ ಕಥೆ ಹೇಳೋಕೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮಗಳು ತಾನೇ ರಿಮೋಟ್ ತಗೊಂಡು ಸೌಂಡ್ ಪೂರ್ತಿ ಬಂದ್ ಮಾಡಿದಳು. ನನಗೆ ಹೊಟ್ಟೆ ಉರೀತು.

ಅವತ್ತಿನ ಎಪಿಸೋಡಿನಲ್ಲಿ ಮಾವ ಹಿಮದಲ್ಲಿ ಒಂದು ತೂತಿನ ಹತ್ತಿರ ಅಲ್ಲಾಡದೆ ಕಾದು ಕೂತಿದ್ದ. ನೀರಿನಡಿಯ ಸೀಲ್ ಅನ್ನೋ ಪ್ರಾಣಿ ಉಸಿರಾಡೋಕೆ ಅಲ್ಲಿಗೆ ಬರುತ್ತೆ, ಬಂದಾಗ ಹಿಡೀಬೇಕು. ಅದೇ ಅವರ ಊಟ. ಆದರೆ ನಮ್ಮತ್ತೆ ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಜನ. ಮುಸ್ಸಂಜೆ ಹೊತ್ತು, ದೇವರ ದೀಪ ಬೇರೆ ಉರೀತಾ ಇದೆ. ಅವರ ಬಾಯಲ್ಲಿ ಬೇಟೆಯ ಮಾತು ಬರುತ್ತಾ?

"ಮಾವ ಎಂತಕ್ಕೆ ಕೂತದ್ದು ಗೊತ್ತುಂಟಾ? ಹಲಸಿನಕಾಯಿಗೆ!" ಅಂದರು.

ನಾನು ಪೇಪರಿಂದ ತಲೆ ಎತ್ತಿದೆ. "ಅತ್ತೆ, ನೀರೊಳಗೆ ಹಲಸಿನಕಾಯಿ ಹೇಗೆ..."

"ಮೇಲೆ ಇಷ್ಟು ಚಳಿ ಇರುವಾಗ ಅದು ಹೊರಗೆ ಯಾಕೆ ಇರ್ತದೆ? ಒಳಗೆ ಹೋಗಿ ಬೆಚ್ಚಗೆ ಕೂತಿದೆ," ಅಂತ ನನ್ನ ಬಾಯಿ ಮುಚ್ಚಿಸಿದರು.

ಮಾವ ಏನನ್ನೋ ಎಳೆದು ಮೇಲೆ ಹಾಕಿದ. ಮಕ್ಕಳ ಕಾರ್ಟೂನಲ್ವಾ, ಸರಿಯಾಗಿ ತೋರಿಸಲ್ಲ. ಬೂದು ಬಣ್ಣದ ಉದ್ದುದ್ದ ಗುಂಡಗಿನ ಆಕಾರ ಅಷ್ಟೇ. ನಿಜ ಹೇಳ್ತೀನಿ, ನಂಗೂ ಹಲಸಿನಕಾಯಿಯೇ ಕಂಡಿತು. ಸ್ಲೆಡ್ಜಿನ ಮೇಲೆ ಮನೆಗೆ ತಂದ, ಅಜ್ಜಿ ಕತ್ತಿ ಹಿಡಿದು ಕೂತಳು. "ಅಗೋ, ಕೈಗೆ ಎಣ್ಣೆ ಹಚ್ಚಿಕೊಂಡ್ಳು, ಇಲ್ದಿದ್ರೆ ಮೇಣ ಅಂಟ್ತದೆ," ಅಂದರು ಅತ್ತೆ. ಆಮೇಲೆ ಪಾಲು ಮಾಡಿ ಹುಡುಗಿಯ ಕೈಯಲ್ಲಿ ಪ್ರತಿ ಮನೆಗೂ ಕಳಿಸಿದಳು. ಅಲ್ಲಿಯವರ ಪದ್ಧತಿಯಂತೆ, ಸಿಕ್ಕಿದ್ದನ್ನು ಒಬ್ಬರೇ ಇಟ್ಟುಕೊಳ್ಳುವ ಹಾಗಿಲ್ಲ. ಅತ್ತೆ ಖುಷಿಯಿಂದ ನನ್ನ ಕಡೆ ತಿರುಗಿದರು. "ನೋಡಿದ್ರಾ? ಸುಮ್ಮನೆ ವಾದ ಮಾಡ್ತೀರಿ. ಹಲಸಿನಕಾಯಿ ಅಲ್ದಿದ್ರೆ ಊರಿಗೆಲ್ಲ ಯಾಕೆ ಹಂಚ್ತಾರೆ?"

೪. ಟೀಚರ್ ಕರೆದರು

ಆ ವಾರದಲ್ಲೇ ಕಿಂಡರ್‌ಗಾರ್ಟನ್ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಇಲ್ಲಿ ಟೀಚರ್ ಪಕ್ಕಕ್ಕೆ ಕರೆದು ನಕ್ಕರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಬೆಳಗಿನ ಹೊತ್ತು ಮಕ್ಕಳೆಲ್ಲ ಸುತ್ತ ಕೂತು ಏನಾದರೂ ಹೇಳಬೇಕಂತೆ. ನಮ್ಮ ಮಗಳು ಎದ್ದು ನಿಂತು ಇನುಯಿಟ್ ಜನರ ಬಗ್ಗೆ ಭಾಷಣ ಮಾಡಿದ್ದಾಳೆ. ಅವರು ಹಿಮದ ತೂತಿನ ಹತ್ತಿರ ಮುಳ್ಳುಮುಳ್ಳಿನ ದೊಡ್ಡ ಹಣ್ಣಿಗಾಗಿ ಕಾಯುತ್ತಾರೆ, ಅದು ಉಸಿರಾಡೋಕೆ ಮೇಲೆ ಬರುತ್ತೆ, ಆಗ ಹಿಡಿದು ಕೈಗೆ ಎಣ್ಣೆ ಹಚ್ಚಿಕೊಂಡು ಕೊಯ್ಯುತ್ತಾರೆ. ಚಿತ್ರವನ್ನೂ ಬರೆದಿದ್ದಳು. ಹಲಸಿನಕಾಯಿಗೆ ಮೀಸೆ ಇತ್ತು.

ನಾನು ಅತ್ತೆ ಬಂದಿದ್ದು, ಸಸ್ಯಾಹಾರ, ಮುಸ್ಸಂಜೆ, ಎಲ್ಲ ವಿವರಿಸಿದೆ. ಆ ಹಣ್ಣಿನ ಹೆಸರೇನು ಅಂತ ಕೇಳಿದರು. ಹೇಳಿದೆ. ಟೀಚರ್ ಕಣ್ಣು ಅರಳಿತು. ಈ ದೇಶದಲ್ಲಿ ಮಾಂಸ ಬಿಟ್ಟವರೆಲ್ಲ ಮಾಂಸದ ಬದಲು ಡಬ್ಬಿಯ ಹಲಸು ತಿಂತಾರೆ ಅನ್ನೋದನ್ನ ನಾನು ಮರೆತೇಬಿಟ್ಟಿದ್ದೆ.

"ಓ! ಹಾಗಾದರೆ ನಿಮ್ಮತ್ತೆ ಸೀಲ್ ಬದಲು ವೀಗನ್ ಕೊಟ್ಟಿದ್ದಾರೆ! ಎಷ್ಟು ಮುಂದುವರಿದ ಮಹಿಳೆ! ರೆಸಿಪಿ ಸಿಗುತ್ತಾ?"

ಮನೆಗೆ ಬಂದು ಇದನ್ನು ಹೇಳಿದರೆ ಅತ್ತೆ ನಕ್ಕರು. ಆಮೇಲೆ, "ಅಷ್ಟುದ್ದ ಕಥೆ ಅಲ್ಲಿ ಹೇಳಿದ್ಳಾ? ನನ್ನ ಕಥೆಯನ್ನೇ? ನಂಗೆ ಒಂದು ಸಾಲು ಹೇಳುದಿಲ್ಲ ಮಾರಾಯ್ರೆ," ಅಂದರು. ಅವರ ಕಥೆ ಮಗಳ ಬಾಯಲ್ಲಿ ಊರೆಲ್ಲ ಸುತ್ತಿ ಬಂತು, ಅವರ ಕಿವಿಗೆ ಮಾತ್ರ ಬೀಳಲಿಲ್ಲ. "ಆ ಟೀಚರಿಗೆ ರೆಸಿಪಿ ಬರೆದುಕೊಡಿ, ಆದ್ರೆ ಡಬ್ಬಿದ್ದು ಬೇಡ ಹೇಳಿ," ಅಂತ ಅತ್ತೆಯೇ ಮಾತು ಬದಲಿಸಿದರು.

೫. ಭಾನುವಾರದ ಪಾಲು

ಕಾರ್ಟೂನಿನ ಹುಡುಗಿ ಮನೆಮನೆಗೆ ಪಾಲು ಹಂಚಿದ್ದಳಲ್ಲ, ನಮ್ಮ ಅಜ್ಜಿ ಮೊಮ್ಮಗಳಿಬ್ಬರಿಗೂ ತಾವೂ ಹಂಚಬೇಕು ಅನ್ನಿಸಿದೆ. ಅತ್ತೆ ಹಯಗ್ರೀವ ಮಾಡಿದರು. ಕಡಲೆಬೇಳೆ, ಬೆಲ್ಲ, ತುಪ್ಪ, ಮನೆಯೆಲ್ಲ ಘಮಘಮ. ನಾನೂ ಹೆಂಡತಿಯೂ ಊಟ ಮಾಡಿ ಮಲಗಿದ್ದೆವು. ಅಜ್ಜಿ ಮೊಮ್ಮಗಳು ಡಬ್ಬಿಗಳನ್ನೆಲ್ಲ ಪ್ಲಾಸ್ಟಿಕ್ ಸ್ಲೆಡ್ಜಿನ ಮೇಲೆ ಜೋಡಿಸಿ, ಹಗ್ಗ ಕಟ್ಟಿ ಹೊರಟೇಬಿಟ್ಟರು. ಆ ಚಳಿಗಾಲ ಎರ್ಲಾಂಗೆನ್‌ನಲ್ಲಿ ಹಿಮ ಎಲ್ಲಿ ಬಿತ್ತು? ಬರೀ ಜಿಟಿಜಿಟಿ ಮಳೆ. ಹಾಗಾಗಿ ಸ್ಲೆಡ್ಜು ನಡೆದಿದ್ದು ಕಟ್ಟಡದ ಮೆಟ್ಟಿಲ ಮೇಲೆ. ಭಾನುವಾರ ಮಧ್ಯಾಹ್ನ! ಈ ದೇಶದಲ್ಲಿ ಭಾನುವಾರ ಮಧ್ಯಾಹ್ನ ಸೀನಬೇಕಾದರೂ ಹಿಂದೆ ಮುಂದೆ ನೋಡಬೇಕು. ಧಡ್, ಧಡ್, ಧಡ್ ಅಂತ ಸದ್ದು ಕೇಳಿ ನಾನು ಚಡ್ಡಿಯಲ್ಲೇ ಓಡಿದೆ.

ಕೆಳಗಿನ ಮನೆಯ ಯಜಮಾನರು ಕೆಂಡಾಮಂಡಲ ಆಗಿ ಬಾಗಿಲು ತೆಗೆದು ನಿಂತಿದ್ದರು. ನಾವು ಬಂದಾಗಿಂದ ಅವರು ನಮ್ಮ ಜೊತೆ ಮಾತಾಡಿದ್ದು ಕಸ ಯಾವ ಡಬ್ಬಿಗೆ ಹಾಕಬೇಕು ಅನ್ನೋ ವಿಷಯ ಒಂದೇ. ಅವರು ಬಾಯಿ ತೆಗೆಯುವ ಮೊದಲೇ ಅತ್ತೆ ಡಬ್ಬಿ ಕೈಗಿಟ್ಟು ಕೈ ಮುಗಿದರು.

ಸಂಜೆ ಡಬ್ಬಿ ವಾಪಸು ಬಂತು. ಫಳಫಳ ತೊಳೆದು, ಒರೆಸಿ, ಖಾಲಿ. ಅತ್ತೆಗೆ ಬೇಜಾರಾಯಿತು. "ಪಾತ್ರೆ ಖಾಲಿ ಕೊಡ್ಬಾರ್ದು. ಒಂದು ಚಿಟಿಕೆ ಸಕ್ಕರೆಯಾದ್ರೂ ಹಾಕ್ಬೇಕು." ಮಗಳು ಇದನ್ನು ಕೇಳಿಸಿಕೊಂಡು, ಡಬ್ಬಿ ಎತ್ತಿಕೊಂಡು ಸೀದಾ ಕೆಳಗೆ ಹೋಗಿ ಅವರಿಗೆ ತಿಳಿಹೇಳಿ ಬಂದಿದ್ದಾಳೆ. ಅವರೂ ಪಾಪ, ತಪ್ಪಾಯ್ತು ಅಂತ, ಆಗತಾನೇ ಹುರಿದ ಬ್ರಾಟ್‌ವುರ್ಸ್ಟ್ ಅನ್ನೋ ಹಂದಿಮಾಂಸದ ಸಾಸೇಜು ತುಂಬಿ ಕಳಿಸಿದ್ದಾರೆ.

ಅತ್ತೆ ಮುಚ್ಚಳ ತೆಗೆದರು. ಅತ್ತೆ ಆ ಸಾಸೇಜುಗಳನ್ನು ಸ್ವಲ್ಪ ಹೊತ್ತು ನೋಡಿ, ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ಇದು ಇವರ ಊರಿನ ಹಲಸಿನಕಾಯಿ. ನೀವು ತಿನ್ನಿ. ಆಫೀಸಲ್ಲಿ ತಿಂತೀರಿ ಅಂತ ನಂಗೆ ಗೊತ್ತುಂಟು."

೬. ದಾರ

ಒಂದು ಎಪಿಸೋಡ್ ಮಾತ್ರ ಅತ್ತೆ ಡಬ್ ಮಾಡುವಾಗ ನಾನು ಅಲ್ಲಿ ಕೂರೋಕಾಗದೆ ಎದ್ದುಹೋದೆ. ಅದನ್ನು ನಾನು ಮೊದಲೇ ಸೌಂಡ್ ಹಾಕಿ ನೋಡಿದ್ದೆ. ದೂರದ ಪಟ್ಟಣದಿಂದ ಹುಡುಗಿಯ ಸೋದರತ್ತೆ ಮಗ ಬರುತ್ತಾನೆ. ಅವನಿಗೆ ಪಟ್ಟಣದ ಭಾಷೆ ಬಿಟ್ಟು ಬೇರೆ ಬರಲ್ಲ, ಅಜ್ಜಿಗೆ ಆ ಭಾಷೆ ಬರಲ್ಲ. ಎದುರುಬದುರು ಕೂತು ಇಬ್ಬರೂ ಸುಮ್ಮನಿರುತ್ತಾರೆ. ಅತ್ತೆಗೆ ಇದೆಲ್ಲ ಗೊತ್ತಿಲ್ಲ. "ನೋಡು ಪುಟ್ಟಾ, ಆ ಮಾಣಿ ಊಟ ಸರಿ ಮಾಡ್ಲಿಲ್ಲ, ಅದಕ್ಕೇ ಅಜ್ಜಿ ಹತ್ರ ಮಾತಾಡುದಿಲ್ಲ," ಅಂತ ಕಥೆ ಕಟ್ಟುತ್ತಿದ್ದರು.

ಕಾರ್ಟೂನಿನ ಅಜ್ಜಿ ಆಮೇಲೆ ಒಂದು ದಾರ ತಗೊಂಡು ಬೆರಳಿಗೆ ಸುತ್ತಿ ಹಕ್ಕಿ, ಕರಡಿ ಎಲ್ಲ ಮಾಡಿ ತೋರಿಸುತ್ತಾಳೆ, ಹುಡುಗ ನಗುತ್ತಾನೆ. ಅದು ಇನುಯಿಟ್ ಅಜ್ಜಿಯರ ಆಟವಂತೆ. ಮಾರನೇ ದಿನ ಮಧ್ಯಾಹ್ನ ಅತ್ತೆಯೂ ಮೊಮ್ಮಗಳೂ ಹೆಂಡತಿಯ ಉಣ್ಣೆ ದಾರ ತೆಗೆದು ಕೂತರು. ನಾನು ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಪಕ್ಕದ ಕೋಣೆಯಿಂದ ಬರೀ ನಗು ಕೇಳ್ತಿತ್ತು. ಕನ್ನಡವೂ ಇಲ್ಲ, ಜರ್ಮನ್ನೂ ಇಲ್ಲ. ಆಗ ಎದ್ದುಹೋಗಿ ನಾನೂ ಕೂತಿದ್ದರೆ ಚೆನ್ನಾಗಿತ್ತು. ಆಫೀಸಿನ ಹಾಳು ಫೋನ್ ಕಾಲ್ ಒಂದಿತ್ತು.

ಬೆಲ್ ಆಯಿತು. ಪಾರ್ಸೆಲ್ ಹುಡುಗ. ಅಜ್ಜಿ ಮೊಮ್ಮಗಳ ನಾಲ್ಕೂ ಕೈ ಒಂದೇ ದಾರದಲ್ಲಿ ಸಿಕ್ಕಿಬಿದ್ದಿವೆ. ಹಾಗೇ ಅಡ್ಡಡ್ಡ ನಡೆದುಕೊಂಡು ಹೋಗಿ, ಮೊಣಕೈಯಲ್ಲಿ ಬಾಗಿಲು ತೆಗೆದಿದ್ದಾರೆ. ಅವನು ಸಹಿ ಕೇಳಿದ್ದಾನೆ. ಅತ್ತೆ ಕಟ್ಟುಬಿದ್ದ ಕೈಗಳನ್ನು ಮುಂದೆ ಚಾಚಿ ನಿಂತಿದ್ದಾರೆ. ನಾನು ಬಂದು ನೋಡುವಾಗ ಆ ಹುಡುಗ ಪೆನ್ನು ಕಿಸೆಗೆ ಹಾಕಿಕೊಂಡು, ಪೊಲೀಸರನ್ನು ಕರೆಯಬೇಕಾ ಅಂತ ಮೆಲ್ಲಗೆ ಮಗಳನ್ನು ಕೇಳ್ತಿದ್ದ. ಅವಳು, ಬೇಡ, ಕತ್ತರಿ ಸಾಕು ಅಂದಳು.

೭. ಹೊಸಬರು

ವೀಸಾ ಮುಗೀತು. ಫ್ರಾಂಕ್‌ಫರ್ಟ್ ಏರ್‌ಪೋರ್ಟಿನಲ್ಲಿ ವೀಲ್‌ಚೇರಿನಲ್ಲಿ ಕೂತ ಅತ್ತೆ ಮೊಮ್ಮಗಳನ್ನು ಅಪ್ಪಿಕೊಂಡು, "ಅಜ್ಜಿಗೆ ಎಂತಾದ್ರೂ ಹೇಳು ಬಂಗಾರ," ಅಂದರು. ಮಗಳು ಜೋರಾಗಿ ಮುತ್ತು ಕೊಟ್ಟು "ಚ್ಯೂಸ್, ಓಮಾ!" ಅಂದಳು. ಹೋಗಿ ಬನ್ನಿ ಅಂತಲೇ ಅರ್ಥ, ಆದರೆ ಅರ್ಥ ಯಾರಿಗೆ ಬೇಕಿತ್ತು? ಹೆಂಡತಿ ಮುಖ ತಿರುಗಿಸಿಕೊಂಡಳು. ಅತ್ತೆಯೇ ನನಗೆ ಸಮಾಧಾನ ಹೇಳಿದರು. "ಇರ್ಲಿ ಬಿಡಿ. ಮಗು ಪ್ರೀತಿ ಮಾಡ್ತದಲ್ಲ, ಸಾಕು." ಸಾಕಾಗಿರಲಿಲ್ಲ ಅಂತ ಅವರ ಮುಖದಲ್ಲೇ ಕಾಣ್ತಿತ್ತು.

ಸ್ವಲ್ಪ ದಿನ ಆಗಿತ್ತು. ಒಂದು ಸಂಜೆ ನಾವಿಬ್ಬರೂ ಅಡುಗೆಮನೆಯಲ್ಲಿದ್ದೆವು. ಹಾಲಿನಲ್ಲಿ ಟಿವಿ ಓಡ್ತಿದೆ, ಸೌಂಡ್ ಇಲ್ಲ. ಒಳಗಿಂದ ಯಾರೋ ಕನ್ನಡ ಮಾತಾಡ್ತಿದ್ದಾರೆ. "ಅಯ್ಯೋ ಮಾರಾಯ್ರೆ, ಎಂತ ಚಳಿ! ಬಾ ನಾಯಿ, ಒಳಗೆ ಕೂತುಕೋ, ಕಷಾಯ ಕೊಡ್ತೇನೆ." ನಾವು ಬಾಗಿಲ ಸಂದಿಯಿಂದ ಇಣುಕಿದೆವು. ಮಗಳು ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರ್ಟೂನಿಗೆ ಡಬ್ಬಿಂಗ್ ಮಾಡ್ತಿದ್ದಾಳೆ! ಸ್ವಚ್ಛ ಕನ್ನಡ. ಅದೂ ಉಡುಪಿಯದು, ನನ್ನದು ಒಂದಕ್ಷರ ಇಲ್ಲ. ಹೆಂಡತಿ ನನ್ನ ತೋಳು ಹಿಡಿದುಕೊಂಡು ಅಳೋಕೆ ಶುರು ಮಾಡಿದಳು.

ನಾನು ತಡೆಯಲಾರದೆ ಒಳಗೆ ಹೋಗಿ ಕೇಳಿದೆ. "ಪುಟ್ಟಿ, ನಿಂಗೆ ಇಷ್ಟು ಚೆನ್ನಾಗಿ ಬರುತ್ತೆ! ಅಜ್ಜಿ ಇದ್ದಾಗ ಯಾಕಮ್ಮಾ ಒಂದು ಮಾತೂ ಆಡಲಿಲ್ಲ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಕನ್ನಡದಲ್ಲೇ ಹೇಳಿದಳು. "ಅಜ್ಜಿ ಹೊಸಬರಲ್ವಾ ಪಪ್ಪಾ? ಹೊಸ ಮಕ್ಕಳು ಬಂದ್ರೆ ಅವರ ಹತ್ರ ಜರ್ಮನ್ ಮಾತ್ರ ಮಾತಾಡ್ಬೇಕು ಅಂತ ಟೀಚರ್ ಹೇಳಿದ್ದಾರೆ. ಆಗ ಬೇಗ ಕಲೀತಾರೆ. ಆಗ ಅವರಿಗೆ ಅಳು ಬರುದಿಲ್ಲ, ಇಲ್ಲೇ ಇರ್ತಾರೆ." ಆಮೇಲೆ ಸ್ವಲ್ಪ ಯೋಚಿಸಿ, "ನಾನು ದಿನಾ ಕಲಿಸಿದೆ. ಆದ್ರೂ ಅಜ್ಜಿ ಕಲೀಲಿಲ್ಲ. ಅದಕ್ಕೇ ವಾಪಸ್ ಕಳಿಸಿದ್ದಾ?"

ಮೂರು ತಿಂಗಳು ಅಜ್ಜಿ ಮೊಮ್ಮಗಳನ್ನು ಗೆಲ್ಲೋಕೆ ಒದ್ದಾಡಿದ್ದಾರೆ, ಮೊಮ್ಮಗಳು ಅಜ್ಜಿಯನ್ನು ಇಲ್ಲೇ ಉಳಿಸಿಕೊಳ್ಳೋಕೆ ಒದ್ದಾಡಿದ್ದಾಳೆ. ಮಧ್ಯದಲ್ಲಿ ನಾವಿಬ್ಬರು ಪೆದ್ದರು, ಒಂದು ಸಲ ಯಾಕೆ ಅಂತ ಕೇಳಿದ್ದರೆ ಆಗಿಹೋಗ್ತಿತ್ತು. ಕೇಳಲೇ ಇಲ್ಲ.

ಮಾರನೇ ದಿನ ಶನಿವಾರ. ಬೆಳಿಗ್ಗೆಯೇ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಮೂಗು ಸೆಳೆದುಕೊಂಡದ್ದು ಕೇಳಿಸಿತು. ಆಮೇಲೆ, "ಅಯ್ಯೋ ನನ್ನ ಬಂಗಾರವೇ! ಹಾಗಾದ್ರೆ ಫೇಲ್ ಆದದ್ದು ನಾನಾ?" ಅಂದರು. "ಸಪ್ಲಿಮೆಂಟರಿ ಉಂಟಾ ಅಂತ ಕೇಳಿ."

ಮಗಳನ್ನು ಕರೆದು, "ಅಜ್ಜಿಗೆ ಇನ್ನೊಂದು ಚಾನ್ಸ್ ಬೇಕಂತೆ, ಕೊಡ್ತೀಯಾ? ಕನ್ನಡದಲ್ಲಿ ಮಾತಾಡು ಪುಟ್ಟಿ, ಕನ್ನಡದಲ್ಲಿ," ಅಂತ ಬೇಡಿಕೊಂಡು ಫೋನು ಕೊಟ್ಟೆ. ಅವಳ ಮುಖ ಊರಗಲ ಆಯಿತು. ಕುರ್ಚಿ ಎಳೆದು ನೆಟ್ಟಗೆ ಕೂತಳು, ಗಂಟಲು ಸರಿಮಾಡಿಕೊಂಡಳು. ಕಷ್ಟಪಟ್ಟು ಸಿಕ್ಕಿದ ಇನ್ನೊಂದು ಚಾನ್ಸು, ಕನ್ನಡ ಮಾತಾಡಿ ಹಾಳು ಮಾಡಿಕೊಳ್ಳುವಷ್ಟು ದಡ್ಡಿಯಲ್ಲ ಅವಳು. ಒಂದೊಂದೇ ಅಕ್ಷರ ಬಿಡಿಸಿ, ಟೀಚರ್ ಗತ್ತಿನಲ್ಲಿ, "ಗೂಟೆನ್ ಮೊರ್ಗೆನ್, ಓಮಾ!" ಅಂದಳು.

ಗುಡ್ ಮಾರ್ನಿಂಗ್ ಹೇಳೋಕೆ ಉಡುಪಿಯಲ್ಲಿ ಆಗ ಬೆಳಿಗ್ಗೆ ಎಲ್ಲಿ, ಮಧ್ಯಾಹ್ನದ ಊಟವೂ ಮುಗಿದಿತ್ತು. ಆದರೂ ಅತ್ತೆ ಎದ್ದು ನಿಂತವರ ಹಾಗೆ, ಶ್ರದ್ಧೆಯಿಂದ, "ಗೂಟೆ ಮೋರ್ಗೆ, ಟೀಚರ್," ಅಂದರು.